ಬಿಸಿಯಾದ ಕಾರು, ಕೇಳದ ಕಿವಿ

ಪ್ರತಿ ತಿಂಗಳು ಇತರರ ತಪ್ಪುಗಳ ಬಗ್ಗೆ ಬರೆಯುವವನು ಒಮ್ಮೆಯಾದರೂ ತನ್ನ ತಪ್ಪನ್ನು ಬರೆಯಬೇಕಲ್ಲವೇ? ಈ ಸಲ ಅದನ್ನೇ ಬರೆಯುತ್ತಿದ್ದೇನೆ.

ಮೇ ತಿಂಗಳ ಒಂದು ಮಧ್ಯಾಹ್ನ ಶಿವಮೊಗ್ಗದಿಂದ ಭದ್ರಾವತಿಗೆ ಸಂಬಂಧಿಕರ ವಲೀಮಾಕ್ಕೆ ಹೊರಟಿದ್ದೆವು. ಕಾರು ಸೆಕೆಂಡ್ ಹ್ಯಾಂಡ್. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಇಬ್ಬರು ಮಕ್ಕಳು. ಊರೊಳಗೆ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಏ.ಸಿ.ಯಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಗಾಡಿ ಓಡತೊಡಗಿದರೆ ಮತ್ತೆ ತಂಪು. "ಗ್ಯಾಸ್ ಕಡಿಮೆಯಾಗಿದೆ, ನಾಳೆ ತುಂಬಿಸೋಣ" ಎಂದೆ.

ನಿದಿಗೆಯ ಬಳಿ ವಾಹನಗಳು ಸಾಲುಗಟ್ಟಿ ಆಮೆಯಂತೆ ತೆವಳುತ್ತಿದ್ದವು. ಪಕ್ಕದಲ್ಲಿದ್ದ ಪತ್ನಿ, "ಏನ್ರೀ, ಆ ಮುಳ್ಳು ಕೆಂಪು ಗೆರೆ ಮುಟ್ತಾ ಇದೆ. ಸ್ವಲ್ಪ ನಿಲ್ಲಿಸಿ" ಎಂದಳು. "ನಿನಗೆ ಗಾಡಿಯ ವಿಷಯ ಏನು ಗೊತ್ತು? ಇನ್ನು ಹತ್ತು ಕಿಲೋಮೀಟರ್ ಅಷ್ಟೇ" ಎಂದೆ. ಅವಳು ಸುಮ್ಮನಾದಳು. ಮಾಚೇನಹಳ್ಳಿ ತಲುಪುವಷ್ಟರಲ್ಲಿ ಬಾನೆಟ್‌ನಿಂದ ಹೊಗೆಯಂತೆ ಹಬೆ ಎದ್ದು ಗಾಡಿ ನಿಂತಿತು. ನಾನು ಆತುರದಿಂದ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಲಾರಿ ಚಾಲಕರೊಬ್ಬರು ಓಡಿ ಬಂದು ಕೈ ಹಿಡಿಯದಿದ್ದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತಿತ್ತು. ಅಲ್ಲಾಹನು ಕಾಪಾಡಿದನು.

ಭದ್ರಾವತಿಯ ಮೆಕ್ಯಾನಿಕ್ ನೋಡಿ ಹೇಳಿದರು: "ಹಜ್ರತ್, ಫ್ಯಾನಿನ ರಿಲೇ ಹೋಗಿದೆ, ಸಣ್ಣ ಸಾಮಾನು. ಆದರೆ ಬಿಸಿಯಲ್ಲೇ ಓಡಿಸಿದ್ದರಿಂದ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ. ಏ.ಸಿ. ಮೊದಲೇ ಹೇಳಿತ್ತು, ನೀವು ಕೇಳಲಿಲ್ಲ." ಏ.ಸಿ.ಗಿಂತ ಸ್ಪಷ್ಟವಾಗಿ ಹೇಳಿದವಳು ಪಕ್ಕದಲ್ಲೇ ನಿಂತಿದ್ದಳು. ಅವಳು ಒಂದು ಮಾತನ್ನೂ ಆಡಲಿಲ್ಲ. ನನ್ನ ಒಂದು ತಿಂಗಳ ಸಂಬಳ ರಿಪೇರಿಗೆ ಹೋಯಿತು.

ಆ ದಿನ ಕಲಿತದ್ದನ್ನು ನಿಮಗೂ ಹೇಳುತ್ತೇನೆ. 1923ರಿಂದ ಕಬ್ಬಿಣ ಕರಗಿಸಿದ ಊರು ಭದ್ರಾವತಿ. ಕಬ್ಬಿಣ ಕರಗಲು ಸುಮಾರು 1500 ಡಿಗ್ರಿ ಶಾಖ ಬೇಕು. ಎಂಜಿನ್ನಿನೊಳಗೆ ಇಂಧನ ಉರಿಯುವಾಗ ಕ್ಷಣಮಾತ್ರ ಅದಕ್ಕಿಂತಲೂ ಹೆಚ್ಚು ಶಾಖ ಏಳುತ್ತದೆ. ಸುತ್ತ ಹರಿಯುವ ಕೂಲಂಟ್ ನೀರು ಆ ಬಿಸಿಯನ್ನು ರೇಡಿಯೇಟರಿಗೆ ಒಯ್ಯುತ್ತದೆ, ಫ್ಯಾನ್ ಅದನ್ನು ಹೊರಗೆ ಹಾಕುತ್ತದೆ. ಏ.ಸಿ.ಯ ಕಂಡೆನ್ಸರ್ ಇರುವುದೂ ರೇಡಿಯೇಟರಿನ ಮುಂದೆಯೇ. ಎರಡಕ್ಕೂ ಬೇಕಾದ ಗಾಳಿಯನ್ನು ಎಳೆಯುವುದು ಈ ಫ್ಯಾನೇ. ಆದ್ದರಿಂದ ಗಾಡಿ ನಿಂತಾಗ ಏ.ಸಿ. ಬಿಸಿಯಾಗಿ, ಮುಳ್ಳೂ ಏರಿದರೆ ಮೊದಲು ಫ್ಯಾನನ್ನು ಸಂಶಯಿಸಬೇಕು. ವೇಗವಾಗಿ ಓಡುವಾಗಲೂ ಬಿಸಿಯೇರಿದರೆ ಕೂಲಂಟ್ ಸೋರಿರಬಹುದು, ರೇಡಿಯೇಟರ್ ಕಟ್ಟಿರಬಹುದು, ಥರ್ಮೋಸ್ಟಾಟ್ ಅಥವಾ ನೀರಿನ ಪಂಪು ಕೆಟ್ಟಿರಬಹುದು. ಎಂಜಿನ್ ಸರಿಯಿದ್ದು ಏ.ಸಿ. ಮಾತ್ರ ಯಾವಾಗಲೂ ತಂಪಾಗದಿದ್ದರೆ ಗ್ಯಾಸ್ ಸೋರಿಕೆಯನ್ನು ಹುಡುಕಿಸಿ. ಗ್ಯಾಸ್ ತಾನಾಗಿ ಖರ್ಚಾಗುವ ವಸ್ತುವಲ್ಲ. ತೂತು ಮುಚ್ಚದೆ ತುಂಬಿಸಿದರೆ ಹಣ ಗಾಳಿಗೆ ಹೋದಂತೆ. ಗಾಳಿಯೇ ಕಡಿಮೆ ಬಂದರೆ ಒಳಗಿನ ಫಿಲ್ಟರ್ ಧೂಳಿನಿಂದ ಮುಚ್ಚಿರಬಹುದು.

ಕಾರಿನ ಕೆಳಗೆ ಬಣ್ಣವಿಲ್ಲದ ನೀರು ತೊಟ್ಟಿಕ್ಕಿದರೆ ಹೆದರಬೇಡಿ, ಅದು ಏ.ಸಿ.ಯ ನೀರು. ಹಸಿರು ಅಥವಾ ಕೆಂಪು ಬಣ್ಣವಿದ್ದು ಅಂಟಾಗಿದ್ದರೆ ಅದು ಕೂಲಂಟ್. ಅದು ರುಚಿಯಲ್ಲಿ ಸಿಹಿ, ಆದರೆ ವಿಷ. ಮಕ್ಕಳ ಕೈಗೂ ಬೆಕ್ಕಿನ ಬಾಯಿಗೂ ಸಿಗದಂತೆ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಮುಳ್ಳು ಇರುವುದಿಲ್ಲ, ಕೆಂಪು ದೀಪ ಮಾತ್ರ ಹತ್ತುತ್ತದೆ.

ಮುಳ್ಳು ಏರಿದರೆ ಏ.ಸಿ. ಆರಿಸಿ, ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಮಕ್ಕಳನ್ನು ಇಳಿಸಿ ನೆರಳಿಗೆ ಕರೆದೊಯ್ಯಿರಿ. ಮುಚ್ಚಿದ ಕಾರಿನಲ್ಲಿ ಮಗುವನ್ನು ಐದು ನಿಮಿಷವೂ ಬಿಡಬೇಡಿ. ಅರ್ಧ ಗಂಟೆಯಾದರೂ ಆರಲು ಬಿಡಿ. ಎಂಜಿನ್ ಪೂರ್ತಿ ತಣಿಯುವ ತನಕ ಮುಚ್ಚಳ ಮುಟ್ಟಬಾರದು. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬಾರದು, ಲೋಹ ಬಿರಿಯುತ್ತದೆ.

ಇನ್ನು ಸಹೋದರರಿಗೊಂದು ಮಾತು. ಹಿಜರಿ 6ರಲ್ಲಿ ಹುದೈಬಿಯಾ ಒಪ್ಪಂದದ ಬಳಿಕ ಸಹಾಬಿಗಳು ದುಃಖದಿಂದ ಕದಲದೆ ಕುಳಿತಾಗ, ಪ್ರವಾದಿ(ಸ)ಯವರು ಪತ್ನಿ ಉಮ್ಮು ಸಲಮಾ(ರ)ರೊಡನೆ ಅದನ್ನು ಹೇಳಿಕೊಂಡರು. ಯಾರೊಡನೆಯೂ ಮಾತನಾಡದೆ ತಾವೇ ಮೊದಲು ಬಲಿ ನೀಡಿ ತಲೆ ಬೋಳಿಸಿಕೊಳ್ಳಿ ಎಂದು ಅವರು ಸಲಹೆ ನೀಡಿದರು. ಪ್ರವಾದಿ(ಸ) ಹಾಗೆಯೇ ಮಾಡಿದರು, ಎಲ್ಲರೂ ಹಿಂಬಾಲಿಸಿದರು. ನಾನು ಈ ಘಟನೆಯನ್ನು ಎಷ್ಟೋ ಬಾರಿ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಆದರೆ ನಿದಿಗೆಯ ರಸ್ತೆಯಲ್ಲಿ ಅದು ನೆನಪಾಗಲಿಲ್ಲ.

ಸಹೋದರಿಯರೇ, ಸ್ಟೀರಿಂಗ್ ನಿಮ್ಮ ಕೈಯಲ್ಲಿ ಇಲ್ಲದಿರಬಹುದು, ಕಣ್ಣು ನಿಮ್ಮದಿದೆ. ಮುಳ್ಳು ಏರುವುದು ಕಂಡರೆ ಇನ್ನೊಮ್ಮೆ ಹೇಳಿ. ಮೊದಲ ಸಲ ಕೇಳದವರು ಎರಡನೆಯ ಸಲ ಕೇಳಬಹುದು, ಇನ್‌ಶಾ ಅಲ್ಲಾಹ್.