ಶೂನ್ಯ ಯಾರಿಗೂ ಸಾಲ ಕೊಡುವುದಿಲ್ಲ

ಕನ್ನಡದಲ್ಲಿ ಕ್ವಾಂಟಂ ಭೌತಶಾಸ್ತ್ರದ ಬಗ್ಗೆ ಬರೆಯುವವರೇ ಕಡಿಮೆ. ಆ ಕೆಲವರೂ ಒಂದು ಕತೆಯನ್ನು ಮಾತ್ರ ಬಿಡುವುದಿಲ್ಲ: ನಿರ್ವಾತದಲ್ಲಿ ‘ವರ್ಚುವಲ್’ ಕಣಗಳು ಜೋಡಿಜೋಡಿಯಾಗಿ ಹುಟ್ಟುತ್ತವೆ, ಪ್ರಕೃತಿಯಿಂದ ಶಕ್ತಿಯನ್ನು ಕೈಗಡ ಪಡೆಯುತ್ತವೆ, ಯಾರೂ ನೋಡುವ ಮೊದಲೇ ತೀರಿಸಿ ಮಾಯವಾಗುತ್ತವೆ. ಹೈಸನ್‌ಬರ್ಗ್‌ನ ಅನಿಶ್ಚಿತತೆಯ ನಿಯಮವೇ ಈ ಸಾಲಕ್ಕೆ ಜಾಮೀನಂತೆ! ಕೇಳಿದರೆ, ‘ಸರಳವಾಗಿ ಹೇಳಿದ್ದೇವೆ’ ಎನ್ನುತ್ತಾರೆ. ಸರಳವೇನೋ ಹೌದು, ಆದರೆ ಸುಳ್ಳು.

ಈ ಕಣಗಳು ಮನೆಮಾತಾದದ್ದು 1940ರ ದಶಕದ ಕೊನೆಯಲ್ಲಿ ಫೈನ್‌ಮನ್ ಬಳಕೆಗೆ ತಂದ ಚಿತ್ರಗಳಿಂದ. ಎರಡು ಎಲೆಕ್ಟ್ರಾನುಗಳು ಒಂದನ್ನೊಂದು ದೂಡುವುದನ್ನು ಲೆಕ್ಕ ಹಾಕಲು ಉದ್ದದ ಶ್ರೇಣಿಯೊಂದನ್ನು ಕೂಡಬೇಕು. ಚಿತ್ರಗಳು ಆ ಶ್ರೇಣಿಯ ಪದಗಳಿಗೆ ಗುರುತು, ಚಿತ್ರದ ಒಳಗೆರೆಯೇ ವರ್ಚುವಲ್ ಕಣ. ಗೆರೆಗಳು ಕೂಡುವ ಪ್ರತಿ ಬಿಂದುವಿನಲ್ಲೂ ಶಕ್ತಿಯ ಜಮಾಖರ್ಚು ಪೈಸೆಗೆ ಪೈಸೆ ತಾಳೆಯಾಗುತ್ತದೆ. ತಾಳೆಯಾಗದಿರುವುದು ಶಕ್ತಿ, ಸಂವೇಗ, ದ್ರವ್ಯರಾಶಿಗಳ ನಡುವೆ ನಿಜವಾದ ಕಣಕ್ಕಿರಬೇಕಾದ ಸಂಬಂಧ. ಹಾಗಾದರೆ ಸಾಲವೆಲ್ಲಿ? ನಿರ್ವಾತವೋ, ಅತಿ ಕಡಿಮೆ ಶಕ್ತಿಯ ಸ್ಥಿತಿ. ಕಾಲ ಸರಿದರೂ ಬದಲಾಗದ್ದು. ಅಲ್ಲಿ ಗುಳ್ಳೆ ಏಳುವುದೂ ಇಲ್ಲ, ಒಡೆಯುವುದೂ ಇಲ್ಲ.

27ಕ್ಕೆ 15 ಕೂಡುವಾಗ ಎರಡು ಬರೆದು ದಶಕ ಒಂದು ಎನ್ನುತ್ತೇವಲ್ಲ, ಆ ಒಂದು ಅಂಗಡಿಯವನ ಕಪಾಟಿನಲ್ಲಿ ಸಿಗುತ್ತದೆಯೇ? ಬೇರೆ ದಾರಿಯಲ್ಲಿ ಕೂಡಿದರೂ ಬರುವುದು 42. ಎಲೆಕ್ಟ್ರಾನಿನ ಕಾಂತಗುಣಕ್ಕೆ ಬೇಕಾದ ಸಣ್ಣ ತಿದ್ದುಪಡಿಯನ್ನು 1948ರಲ್ಲಿ ಷ್ವಿಂಗರ್ ಲೆಕ್ಕ ಹಾಕಿದ್ದು ಫೈನ್‌ಮನ್ ಚಿತ್ರಗಳಿಲ್ಲದೆಯೇ.

ಆಗ ‘ಕ್ಯಾಸಿಮಿರ್ ಪರಿಣಾಮವೇ ಸಾಕ್ಷಿ’ ಎನ್ನುತ್ತಾರೆ. ಬಹಳ ಹತ್ತಿರವಿಟ್ಟ ಎರಡು ಲೋಹದ ಫಲಕಗಳು ಒಂದನ್ನೊಂದು ಸೆಳೆಯುವುದು ನಿಜ. 1997ರಲ್ಲಿ ಲ್ಯಾಮರೋ ಚೆನ್ನಾಗಿ ಅಳೆದು ತೋರಿಸಿದರು. ಆದರೆ ಅದೇ ಬಲವನ್ನು ನಿರ್ವಾತದ ಶಕ್ತಿಯ ಹಂಗಿಲ್ಲದೆ, ಫಲಕಗಳೊಳಗಿನ ವಿದ್ಯುದಾವೇಶಗಳಿಂದಲೇ ಪಡೆಯಬಹುದೆಂದು ಜಾಫೆ 2005ರಲ್ಲಿ ತೋರಿಸಿದ್ದಾರೆ. ಈ ಸಾಕ್ಷಿ ಪಾಟೀಸವಾಲಿಗೆ ನಿಲ್ಲುವುದಿಲ್ಲ.

ಕಪ್ಪುಕುಳಿಯ ಅಂಚಿನಲ್ಲಿ ಜೋಡಿ ಒಡೆಯುವ ಚಿತ್ರವಂತೂ ಹಾಕಿಂಗ್‌ರದೇ. ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ ಎಂದು 1975ರ ಪ್ರಬಂಧದಲ್ಲಿ ಅವರೇ ಎಚ್ಚರಿಸಿದ್ದರು. 1988ರ ಜನಪ್ರಿಯ ಪುಸ್ತಕದಿಂದ ಚಿತ್ರ ಲೋಕವಿಡೀ ಹರಡಿತು, ಎಚ್ಚರಿಕೆ ಪ್ರಬಂಧದಲ್ಲೇ ಉಳಿಯಿತು. ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ: ಕಣ ಮಾಯವಾಗುತ್ತದೆ ಎಂದದ್ದೇ ತಡ, ಮಾಯಾವಾದವನ್ನೂ ಎಳೆದು ತರುತ್ತಾರೆ. ಶಂಕರಾಚಾರ್ಯರಿಗೆ ಇಂಥ ಸಾಕ್ಷಿಯ ಗರಜೇನಿತ್ತು?

ಇಂಗ್ಲಿಷಿನಲ್ಲಿ ತಪ್ಪು ಓದಿದವನನ್ನು ತಿದ್ದಲು ಹತ್ತು ಪುಸ್ತಕಗಳಿವೆ. ಮುಂಬಯಿಯಲ್ಲೋ ಪುಣೆಯಲ್ಲೋ ಕೂತು ಕನ್ನಡವನ್ನಷ್ಟೇ ಓದುವ ನಮ್ಮ ಹಿರಿಯರಿಗೆ ಎರಡನೆಯ ಪುಸ್ತಕ ಸಿಗುವುದೇ ಅಪರೂಪ. ಮುಂದೆ ಬರೆಯುವವರು ಅದನ್ನು ‘ಲೆಕ್ಕದ ಗೆರೆ’ ಎಂದೇ ಬರೆಯಲಿ. ಕತೆಯ ಸ್ವಾರಸ್ಯ ಹೋಗುತ್ತದೆ, ಹೋಗಲಿ.