ಜಾತ್ರೆಯ ಫೋಟೊದಲ್ಲೊಂದು ಬಿಳಿ ಕಣ್ಣು

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರಿನ ಮುಂದೆ ಮಗುವನ್ನು ಎತ್ತಿಕೊಂಡು ಮೊಬೈಲ್‌ನಲ್ಲಿ ಫೋಟೊ ತೆಗೆಸಿಕೊಳ್ಳದ ಅಪ್ಪ ಅಮ್ಮ ಈಗ ಅಪರೂಪ. ಮಬ್ಬುಗತ್ತಲಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಕಣ್ಣಿನ ಪಾಪೆ ಕೆಂಪಗೆ ಹೊಳೆಯುವುದು ಸಹಜ. ಕಣ್ಣಿನ ಹಿಂಭಾಗದ ರಕ್ತನಾಳಗಳಿಗೆ ತಾಕಿ ಮರಳಿದ ಬೆಳಕಿನ ಬಣ್ಣ ಅದು. ಆದರೆ ಒಂದು ಕಣ್ಣು ಕೆಂಪಗಿದ್ದು ಇನ್ನೊಂದು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ? ಮನೆಯವರು ಆ ಫೋಟೊ ಸರಿ ಬಂದಿಲ್ಲವೆಂದು ಅಳಿಸಿ ಇನ್ನೊಂದು ತೆಗೆಯುತ್ತಾರೆ. ಅದೇ ಮಗುವಿಗೆ ಮೆಳ್ಳೆಗಣ್ಣು ಕಾಣಿಸಿಕೊಂಡರೆ, ಅದೃಷ್ಟದ ಮಗು ಎನ್ನುವ ಹಿರಿಯರೂ ಇದ್ದಾರೆ.

ಬಿಳಿ ಹೊಳಪು, ಮೆಳ್ಳೆಗಣ್ಣು ಎರಡೂ ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರ್‌ನ ಲಕ್ಷಣಗಳಾಗಿರಬಹುದು. ಇದು ಬಹುತೇಕ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ರೋಗ. ಭಾರತದಲ್ಲಿ ವರ್ಷಕ್ಕೆ 1,500ಕ್ಕೂ ಹೆಚ್ಚು ಮಕ್ಕಳು ಇದಕ್ಕೆ ತುತ್ತಾಗುತ್ತಾರೆಂಬ ಅಂದಾಜಿದೆ. ಬೇಗ ಪತ್ತೆಯಾಗುವ ಶ್ರೀಮಂತ ದೇಶಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಕ್ಕಳು ಬದುಕುತ್ತಾರೆ. ತಡವಾದರೆ ಗಡ್ಡೆ ದೃಷ್ಟಿನರದ ಮೂಲಕ ಮಿದುಳಿಗೆ ಹರಡುತ್ತದೆ. ಆಮೇಲೆ ಯಾವ ಆಸ್ಪತ್ರೆಗೂ ಅದು ಸುಲಭದ ಕೆಲಸವಲ್ಲ.

ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಬ್ರಯಾನ್ ಶಾ ಅವರ ಮಗನಿಗೂ ಇದೇ ರೋಗ ಬಂದಿತ್ತು. ರೋಗ ಗೊತ್ತಾದ ಮೇಲೆ ಅವರು ಹಳೆಯ ಫೋಟೊಗಳನ್ನು ಹರಡಿಕೊಂಡು ಕೂತರು. ಮಗು ಹುಟ್ಟಿದ 12ನೇ ದಿನದ ಫೋಟೊದಲ್ಲೇ ಬಿಳಿ ಹೊಳಪಿತ್ತು. ಆ ಸಂಕಟದಿಂದಲೇ ಹುಟ್ಟಿದ್ದು 'ಕ್ರೇಡಲ್' ಎಂಬ ಮೊಬೈಲ್ ಆ್ಯಪ್. ಫೋಟೊಗಳಲ್ಲಿ ಬಿಳಿ ಪಾಪೆಯನ್ನು ಕೃತಕ ಬುದ್ಧಿಮತ್ತೆಯಿಂದ (ಎಐ) ಹುಡುಕುವುದು ಅದರ ಕೆಲಸ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 40 ಮಕ್ಕಳ ಸುಮಾರು 53 ಸಾವಿರ ಫೋಟೊಗಳನ್ನು ಅದಕ್ಕೆ ತೋರಿಸಲಾಯಿತು. ಅವರಲ್ಲಿ ಕಣ್ಣಿನ ಕಾಯಿಲೆಯಿದ್ದವರು 20 ಮಂದಿ. ಅವರ ಪೈಕಿ 16 ಮಕ್ಕಳಲ್ಲಿ, ವೈದ್ಯರು ರೋಗ ಗುರುತಿಸುವುದಕ್ಕಿಂತ ಸರಾಸರಿ 1.3 ವರ್ಷ ಮೊದಲಿನ ಫೋಟೊಗಳಲ್ಲೇ ಆ್ಯಪ್ ಬಿಳಿ ಹೊಳಪನ್ನು ಹಿಡಿದಿತ್ತು. ಒಂದೂಕಾಲು ವರ್ಷವೆಂದರೆ ಕಣ್ಣು ಉಳಿಯುವುದಕ್ಕೂ ಹೋಗುವುದಕ್ಕೂ ನಡುವಿನ ಅವಧಿ.

ಮಕ್ಕಳ ಕ್ಯಾನ್ಸರ್ ವಿರುದ್ಧ ಎಐ ಬಳಸುವುದು ಈಗ ಸರ್ಕಾರಿ ನೀತಿಯ ಮಟ್ಟಕ್ಕೂ ಬಂದಿದೆ. 2025ರ ಸೆಪ್ಟೆಂಬರ್ 30ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಇದಕ್ಕೆಂದೇ ಆದೇಶಕ್ಕೆ ಸಹಿ ಹಾಕಿದರು. ಮಕ್ಕಳ ಕ್ಯಾನ್ಸರ್ ದತ್ತಾಂಶ ಯೋಜನೆಯ ವಾರ್ಷಿಕ ಅನುದಾನ 5 ಕೋಟಿ ಡಾಲರ್‌ನಿಂದ 10 ಕೋಟಿ ಡಾಲರ್‌ಗೆ ಏರಿತು. ಭಾರತವೂ ಕೈಕಟ್ಟಿ ಕೂತಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ 10 ಸಾವಿರ ಕೋಟಿ ರೂಪಾಯಿಗೂ ಮೀರಿದ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದೇ ಮಿಷನ್ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಜತೆ ಸೇರಿ, ಕ್ಯಾನ್ಸರ್‌ಗೆ ಎಐ ಪರಿಹಾರ ರೂಪಿಸುವವರಿಗೆ ತಲಾ 50 ಲಕ್ಷ ರೂಪಾಯಿವರೆಗಿನ ನೆರವನ್ನು 2025ರಲ್ಲಿ ಘೋಷಿಸಿತು.

ಒಳ್ಳೆಯದೇ. ಆದರೆ ಅಮೆರಿಕದ ಮಗುವಿನ ಸಮಸ್ಯೆ ಬೇರೆ, ತಿ. ನರಸೀಪುರದ ಮಗುವಿನ ಸಮಸ್ಯೆ ಬೇರೆ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಇದು 30ಕ್ಕಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಅಂತರಕ್ಕೆ ಸಂಸ್ಥೆ ಕೊಡುವ ಕಾರಣಗಳಲ್ಲಿ ರೋಗ ಗೊತ್ತಾಗದಿರುವುದು, ತಪ್ಪಾಗಿ ಗೊತ್ತಾಗುವುದು, ತಡವಾಗುವುದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಮುಖ್ಯವಾದವು. ಶ್ರೀಮಂತ ದೇಶಗಳ ಸಂಶೋಧಕರು ಎಐಯಿಂದ ಹೊಸ ಔಷಧಿ ಹುಡುಕಲಿ. ನಮ್ಮ ಸರ್ಕಾರ ಎಐಯನ್ನು ಮೊದಲು ತರಬೇಕಾದದ್ದು ಅಂಗನವಾಡಿಗೆ ಮತ್ತು ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯಕ್ಕೆ.

ಅದಕ್ಕೆ ಹೊಸ ಇಲಾಖೆಯೇನೂ ಬೇಡ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಹೋಗಿ ಮಕ್ಕಳನ್ನು ಪರೀಕ್ಷಿಸಬೇಕು. ಹುಟ್ಟಿನಿಂದ ಬಂದ ಕಣ್ಣಿನ ಪೊರೆಯಿದೆಯೇ ಎಂದು ಪಾಪೆಯನ್ನೂ ನೋಡಬೇಕು. ಅವರು ನೋಡಬೇಕಾದ 30 ತೊಂದರೆಗಳ ಮೂಲ ಪಟ್ಟಿಯಲ್ಲಿ ಕ್ಯಾನ್ಸರ್ ಮಾತ್ರ ಇಲ್ಲ. ರಾಜ್ಯದ ಗೃಹ ಆರೋಗ್ಯ ಯೋಜನೆ ಮನೆಮನೆಗೆ ಹೋಗುತ್ತದೆ, ಆದರೆ ಅದು 30 ದಾಟಿದವರಿಗೆ. ಮಕ್ಕಳು ಎರಡರ ನಡುವೆ ಬಿಟ್ಟುಹೋಗಿದ್ದಾರೆ. ಹೇಗೂ ಮಗುವಿನ ಕಣ್ಣು ನೋಡುತ್ತಿರುವ ತಂಡದ ಕೈಗೆ ಬಿಳಿ ಹೊಳಪು ಗುರುತಿಸುವ ಮೊಬೈಲ್ ಕೊಡುವುದು ದುಬಾರಿ ಕೆಲಸವಲ್ಲ.

ರಕ್ತದ ಕ್ಯಾನ್ಸರ್‌ದು ಇನ್ನೂ ದೊಡ್ಡ ಕಥೆ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಅದೇ ಹೆಚ್ಚು. ಬನ್ನೂರು ಕಡೆಯ ಹಳ್ಳಿಯೊಂದರಲ್ಲಿ ಐದು ವರ್ಷದ ಮಗುವಿಗೆ ಜ್ವರ ಬಂತೆಂದುಕೊಳ್ಳಿ. ಬಿಟ್ಟು ಬಿಟ್ಟು ಬರುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಕಾಲು ನೋವೆಂದು ರಾತ್ರಿ ಅಳುತ್ತದೆ. ಒಬ್ಬರು ರಕ್ತ ಕಮ್ಮಿ ಎಂದು ಟಾನಿಕ್ ಬರೆಯುತ್ತಾರೆ, ಇನ್ನೊಬ್ಬರು ಟೈಫಾಯಿಡ್ ಎನ್ನುತ್ತಾರೆ, ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ವಾರಗಳು ಹೀಗೇ ಕಳೆಯುತ್ತವೆ. ಅಷ್ಟರಲ್ಲಿ ಆಗಬೇಕಿದ್ದದ್ದು ಸಣ್ಣ ಕೆಲಸ. ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತ ಹಾಕಿ, ಇನ್ನೊಂದು ಸ್ಲೈಡಿನ ಅಂಚಿನಿಂದ ತೆಳ್ಳಗೆ ಎಳೆದು, ಆರಿದ ಮೇಲೆ ಲೀಶ್ಮನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬಿಳಿ ರಕ್ತಕಣಗಳ ಕೋಶಕೇಂದ್ರ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕಣದ ತುಂಬ ಕೋಶಕೇಂದ್ರವೇ ಆವರಿಸಿಕೊಂಡ, ಬಲಿಯದ ಕಣಗಳು ಕಂಡರೆ ಅನುಭವಿ ಕಣ್ಣು ಅಲ್ಲೇ ನಿಲ್ಲುತ್ತದೆ. ಕೊರತೆಯಿರುವುದು ಆ ಅನುಭವಿ ಕಣ್ಣಿನದೇ. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿಗ್‌ಟಪಲ್ ಕಂಪನಿ ಇಂಥ ಸ್ಲೈಡ್‌ಗಳ ಚಿತ್ರ ತೆಗೆದು, ಕಣಗಳನ್ನು ಎಐಯಿಂದ ವಿಂಗಡಿಸಿ, ದೂರದ ತಜ್ಞರಿಗೆ ತೋರಿಸುವ ಯಂತ್ರ ಮಾಡಿದೆ. ತಂತ್ರಜ್ಞಾನ ನಮ್ಮ ರಾಜಧಾನಿಯಲ್ಲೇ ಇರುವಾಗ ಅಂಥದ್ದೊಂದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷಿಸಿ ನೋಡಲು ಸರ್ಕಾರ ಹಿಂಜರಿಯಬಾರದು.

ಇದೆಲ್ಲ ಹಳ್ಳಿಗಳಲ್ಲಿ ನಡೆಯುತ್ತದೆಯೇ ಎಂದು ಕೇಳುವವರಿಗೆ ಕರ್ನಾಟಕವೇ ಉತ್ತರ ಕೊಟ್ಟಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ರೋಗವನ್ನು ಹಿಡಿಯಲು ನಾರಾಯಣ ನೇತ್ರಾಲಯ 2008ರಲ್ಲಿ 'ಕಿಡ್‌ರಾಪ್' ಯೋಜನೆ ಆರಂಭಿಸಿತು, ರಾಜ್ಯ ಸರ್ಕಾರವೂ ಕೈಜೋಡಿಸಿತು. ತರಬೇತಿ ಪಡೆದ ತಂತ್ರಜ್ಞರು ವಾಹನದಲ್ಲಿ ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆದರು. ಬೆಂಗಳೂರಿನ ತಜ್ಞರು ಕೂತಲ್ಲೇ ನೋಡಿ ಯಾವ ಮಗುವಿಗೆ ತುರ್ತು ಚಿಕಿತ್ಸೆ ಬೇಕೆಂದು ಹೇಳಿದರು. ಅದು ನಡೆದದ್ದು ಚಿತ್ರ, ತಜ್ಞ, ಚಿಕಿತ್ಸೆ ಈ ಮೂರೂ ಒಂದೇ ಸರಪಳಿಯಲ್ಲಿ ಇದ್ದುದರಿಂದ. 'ಅಪಾಯ' ಎಂದು ಆ್ಯಪ್ ಹೇಳಿದ ಮೇಲೆ ಮಗುವನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಗೊತ್ತಿರದಿದ್ದರೆ ತಾಯಿಗೆ ಉಳಿಯುವುದು ಗಾಬರಿ ಮಾತ್ರ. ಬೆಳಕು ಓರೆಯಾಗಿ ದೃಷ್ಟಿನರದ ಬುಡಕ್ಕೆ ಬಿದ್ದರೆ ಆರೋಗ್ಯವಂತ ಕಣ್ಣೂ ಬೆಳ್ಳಗೆ ಕಾಣಬಹುದು. ಹಾಗಾಗಿ ಕೊನೆಯ ಮಾತು ವೈದ್ಯರದೇ ಆಗಬೇಕು.

ಎಐ ಕಲಿಯುವುದು ದತ್ತಾಂಶದಿಂದ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ 1982ರಿಂದ ನಡೆದುಬಂದಿದೆ, ದೇಶದ ಮೊದಲ ನೋಂದಣಿಗಳಲ್ಲಿ ಅದೂ ಒಂದು. ಆದರೆ ಅದು ಎಣಿಸುವುದು ಬೆಂಗಳೂರಿನ ನಿವಾಸಿಗಳನ್ನು. ನಂಜನಗೂಡಿನ ಮಗು ಅಲ್ಲಿಗೆ ಹೋದರೆ ಆಸ್ಪತ್ರೆಯ ಕಡತದಲ್ಲಿ ಹೆಸರಿರುತ್ತದೆ, ಹೋಗದೇ ತೀರಿಕೊಂಡರೆ ಎಲ್ಲೂ ಇರುವುದಿಲ್ಲ. ಹೀಗೆ ಲೆಕ್ಕಕ್ಕೇ ಸಿಗದ ಮಕ್ಕಳ ಬಗ್ಗೆ ಯಾವ ಯಂತ್ರ ಏನು ಕಲಿತೀತು? ಇನ್ನು ಮಕ್ಕಳ ಮಾಹಿತಿ ಸಂಗ್ರಹಿಸುವಾಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪೋಷಕರ ಒಪ್ಪಿಗೆಗೆ ಕೊಟ್ಟಿರುವ ಮಹತ್ವವನ್ನು ಮರೆಯುವಂತಿಲ್ಲ. ಅರ್ಥವಾಗದ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಕನ್ನಡದಲ್ಲಿ, ಬಾಯಿಬಿಟ್ಟು ಹೇಳಬೇಕು.

ರೋಗ ಗೊತ್ತಾದ ಮೇಲೂ ದಾರಿ ಉದ್ದ. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷ ಚಿಕಿತ್ಸೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಶಕ್ತಿ ಯೋಜನೆಯಿಂದ ತಾಯಿಯ ಬಸ್ ಪ್ರಯಾಣ ಉಚಿತ. ಆದರೆ ಜತೆಗೆ ಹೋಗುವ ಅಪ್ಪನ ದಿನಗೂಲಿ ಹೋಗುತ್ತದೆ, ಮನೆಯಲ್ಲಿ ಬಿಟ್ಟು ಬಂದ ಇನ್ನೊಂದು ಮಗು ನೆರೆಯವರ ಪಾಲಾಗುತ್ತದೆ. ಸ್ವಲ್ಪ ಹುಷಾರಾದ ಕೂಡಲೇ 'ಇನ್ನು ಸಾಕು' ಎಂದು ನಿಲ್ಲಿಸಿಬಿಡುವುದು ಹೀಗೆ. 2025ರಲ್ಲಿ ರಾಜ್ಯ ಸರ್ಕಾರ 16 ಕಡೆ ಹಗಲು ಆರೈಕೆ ಕಿಮೊಥೆರಪಿ ಕೇಂದ್ರಗಳನ್ನು ತೆರೆದದ್ದು ಸರಿಯಾದ ಹೆಜ್ಜೆ. ಅಲ್ಲಿ ಮಕ್ಕಳಿಗೆ ಸೂಜಿ ಹಾಕಬಲ್ಲ ನರ್ಸ್‌ಗಳೂ, ಮಕ್ಕಳ ತಜ್ಞರೂ ಬೇಕು. ನಿಗದಿತ ದಿನ ಮಗು ಬರಲಿಲ್ಲವೆಂದರೆ ಆ ಊರಿನ ಆಶಾ ಕಾರ್ಯಕರ್ತೆಯ ಮೊಬೈಲ್‌ಗೆ ಅಂದೇ ಸಂದೇಶ ಹೋಗುವ ವ್ಯವಸ್ಥೆ ಬೇಕು. ಇದಕ್ಕೆ ಮಹಾ ಬುದ್ಧಿಯ ಯಂತ್ರವೂ ಬೇಡ. ಆದರೆ ಓಡಾಡುವ ಆ ಕಾರ್ಯಕರ್ತೆಗೆ ತಕ್ಕ ಗೌರವಧನ ಕೊಡದೆ ಇನ್ನೊಂದು ಆ್ಯಪ್ ಹೊರಿಸುವುದು ಅನ್ಯಾಯ.

ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕುಗಳ ಹಳ್ಳಿಗಳು ವರುಣ ಕ್ಷೇತ್ರದಲ್ಲಿವೆ. 2023ರಲ್ಲಿ ಅಲ್ಲಿಂದ ಗೆದ್ದ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದರು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಹಿಳೆಯರು ಮತ್ತು ಮಕ್ಕಳಿಗೆಂದೇ ಇರುವ ಚೆಲುವಾಂಬ ಆಸ್ಪತ್ರೆ ಒಂದು ಗಂಟೆಯ ದಾರಿಯಲ್ಲಿವೆ. ಪ್ರಯೋಗ ಮಾಡಲು ಇದಕ್ಕಿಂತ ತಕ್ಕ ಜಾಗ ಹುಡುಕಬೇಕಿಲ್ಲ. ಬಾಲ ಸ್ವಾಸ್ಥ್ಯ ತಂಡಗಳ ಪಟ್ಟಿಗೆ ಕ್ಯಾನ್ಸರ್ ಸೇರಿಸಿ, ಈ ಎರಡು ತಾಲ್ಲೂಕುಗಳಲ್ಲಿ ಕಣ್ಣಿನ ಫೋಟೊ ಮತ್ತು ರಕ್ತದ ಸ್ಲೈಡ್ ಪರೀಕ್ಷೆಯನ್ನು ರಾಜ್ಯ ಸರ್ಕಾರ ಶುರು ಮಾಡಲಿ, ಫಲಿತಾಂಶವನ್ನು ವರ್ಷದೊಳಗೆ ಜನರ ಮುಂದಿಡಲಿ.

ಅಲ್ಲಿಯವರೆಗೆ, ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ಮೊಬೈಲ್‌ನ ಹಳೆಯ ಫೋಟೊಗಳನ್ನು ಇವತ್ತೇ ಒಮ್ಮೆ ತೆರೆದು ನೋಡಿ. ಒಂದೇ ಕಣ್ಣು ಮತ್ತೆ ಮತ್ತೆ ಬೆಳ್ಳಗೆ ಕಂಡರೆ ಫೋಟೊ ಅಳಿಸಬೇಡಿ. ಅದನ್ನೇ ಕೈಯಲ್ಲಿ ಹಿಡಿದು ಈ ವಾರವೇ ಮಗುವನ್ನು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಿರಿ.