‘ಅಲ್ಲೇನಿದೆ?’ ಎಂದು ಕೇಳಿದವರಿಗೆ



ಕಳೆದ ತಿಂಗಳು ಬೆಂಗಳೂರಿನ ದಕ್ಷಿಣದ ತುದಿಯ ಕಲ್ಯಾಣಮಂಟಪವೊಂದರಲ್ಲಿ ನಮ್ಮ ಬಳಗದ ಮದುವೆಯಿತ್ತು. ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಸೋದರಳಿಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕೇಳಿದ: “ಮಾವ, ಆ ಯಲಹಂಕದಲ್ಲಿ ಹೇಗೆ ಕಾಲ ಕಳೀತೀರಿ? ಅಲ್ಲೇನಿದೆ? ಮನೇನ ಬಿಲ್ಡರ್‌ಗೆ ಕೊಟ್ಟು ಈ ಕಡೆ ಬಂದುಬಿಡಿ.” ಎದುರು ಸಾಲಿನಲ್ಲಿದ್ದ ನನ್ನ ಮಗ ಎಲೆಯಿಂದ ತಲೆಯೆತ್ತಲಿಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದಿದ್ದಾರೆ ಎಂಬುದನ್ನು, ಮೂವತ್ತಮೂರು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಮೇಲ್ವಿಚಾರಣೆ ಮಾಡಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲೆಯ ಮುಂದೆ ವಾದ ಸಲ್ಲದೆಂದು ಸುಮ್ಮನಾದೆ. ಅಂದು ನುಂಗಿಕೊಂಡ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ ‘ಹೊರವಲಯ’ ಎಂಬ ಪದ. ಸಮಾಜ ವಿಜ್ಞಾನ ಕಲಿಸಿದ ನನಗೆ ಆ ಪದ ಕಿವಿಗೆ ಬಿದ್ದಾಗಲೆಲ್ಲ ಕೆಂಪು ಶಾಯಿಯ ಪೆನ್ನು ನೆನಪಾಗುತ್ತದೆ. ಚೋಳರ ಕಾಲದ ತಮಿಳು ಶಾಸನಗಳಲ್ಲಿಯೇ ಈ ಸೀಮೆಗೆ ‘ಇಲೈಪಾಕ್ಕ ನಾಡು’ ಎಂಬ ಹೆಸರಿದೆ. ಮುಂದೆ ಯಲಹಂಕ ನಾಡಪ್ರಭುವಾದ ಕೆಂಪೇಗೌಡ 1537ರಲ್ಲಿ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದ, ಅದೇ ಬೆಂಗಳೂರು. ಆ ಪೇಟೆಯ ಉತ್ತರದ ಬಾಗಿಲಿಗೆ ಯಲಹಂಕ ಬಾಗಿಲೆಂದೇ ಹೆಸರಿತ್ತು. ನಮ್ಮ ಊರು ಆಡಳಿತದ ಕಾಗದಪತ್ರಗಳಲ್ಲಿ ಮಹಾನಗರ ಪಾಲಿಕೆಗೆ ಸೇರಿದ್ದು ಕೇವಲ 2007ರಲ್ಲಿ. ಆ ಪಾಲಿಕೆಯೇ 2025ರಲ್ಲಿ ಐದು ಹೋಳಾಯಿತು; ಯಲಹಂಕ ಇದ್ದಲ್ಲಿಯೇ ಇದೆ. ಹೀಗಿರುವಾಗ ಯಾರು ಯಾರ ಹೊರವಲಯ? ಮಗಳು ಸಿರಿವಂತಳಾದ ಮಾತ್ರಕ್ಕೆ ತವರುಮನೆ ಅವಳ ಹಿತ್ತಿಲಾಗುವುದಿಲ್ಲ.

ಎರಡನೆಯದು ಊಟದ ವಿಚಾರ. “ಒಂದು ಒಳ್ಳೆಯ ಹೋಟೆಲೂ ಇಲ್ಲ” ಎಂಬುದು ಸೋದರಳಿಯನ ಆಕ್ಷೇಪ. ಹೋಟೆಲುಗಳು ಈಗ ಬೇಕಾದಷ್ಟಿವೆ; ಆ ಮಾತನ್ನು ಬಿಡೋಣ. ನಾನು ಕೇಳುವುದಿಷ್ಟು: ಒಂದು ಊರಿನ ಊಟವನ್ನು ಅಲ್ಲಿನ ಹೋಟೆಲುಗಳ ಎಣಿಕೆಯಿಂದ ಅಳೆಯುವುದನ್ನು ನಾವು ಯಾವಾಗ ಕಲಿತೆವು? ಮಾರ್ಗಶಿರದ ಚಳಿ ಬಿದ್ದೊಡನೆ ದೊಡ್ಡಬಳ್ಳಾಪುರದ ಕಡೆಯಿಂದ ಅವರೆಕಾಯಿಯ ಮೂಟೆಗಳು ನಮ್ಮ ಸಂತೆಗೆ ಬರುತ್ತವೆ. ಇಬ್ಬನಿಯಲ್ಲಿ ನೆನೆದ ಕಾಯಿಯ ಸೊಗಡು ಕೈಗೆ ಅಂಟಿದರೆ ಸಂಜೆಯವರೆಗೂ ಹೋಗದು. ನಮ್ಮ ನೆರೆಯ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಗಲು ಕಿರಿದಾಗುವುದನ್ನು ಕಾಯದೆ ಹೂಬಿಡುವ ‘ಹೆಬ್ಬಾಳ ಅವರೆ’ ತಳಿಗಳನ್ನು ರೂಪಿಸಿದರು. ಅದರಿಂದ ರೈತನಿಗೆ ಅನುಕೂಲವಾಯಿತು. ವರ್ಷವಿಡೀ ಅವರೆಕಾಯಿ ಸಿಗುವಂತಾಯಿತು. ಆದರೂ ಚಳಿಗಾಲದ ಸೊಗಡಿಗಾಗಿ ಕಾಯುವವರು ಇನ್ನೂ ಇದ್ದೇವೆ.

ಹಿದುಕಿದ ಬೇಳೆಯ ಸಾರನ್ನು ನೀವೆಲ್ಲರೂ ಉಂಡಿದ್ದೀರಿ. ಅದು ಆಗುವ ಬಗೆಯನ್ನು ನಿಮ್ಮಲ್ಲಿ ಎಷ್ಟು ಮಂದಿ ಬಲ್ಲಿರೋ ಕಾಣೆ. ಕಾಯಿ ಸುಲಿದು, ಕಾಳನ್ನು ನೀರಿನಲ್ಲಿ ನೆನೆಸಿ, ಒಂದೊಂದನ್ನೇ ಬೆರಳುಗಳ ನಡುವೆ ಹಿದುಕಿ ಸಿಪ್ಪೆ ಬಿಡಿಸಬೇಕು. ಒಬ್ಬರೇ ಕುಳಿತರೆ ಅದು ಶಿಕ್ಷೆ. ನಾಲ್ವರು ಕುಳಿತರೆ ಹರಟೆ. ನಮ್ಮ ಮನೆಯ ಜಗಲಿಯ ಮೇಲೆ ಇಪ್ಪತ್ತು ವರ್ಷಕಾಲ ನನ್ನ ಶ್ರೀಮತಿಯೂ ಅಕ್ಕಪಕ್ಕದ ಮೂವರು ಹೆಂಗಸರೂ ಚಳಿಗಾಲದ ಮಧ್ಯಾಹ್ನಗಳಲ್ಲಿ ಹೀಗೆ ಕೂಡುತ್ತಿದ್ದರು. ಯಾರ ಮಗಳಿಗೆ ಗಂಡು ನೋಡಬೇಕು, ಯಾರ ಅತ್ತೆಗೆ ಕಾಯಿಲೆ, ಯಾರ ಮನೆಗೆ ಈ ತಿಂಗಳು ಸಂಬಳ ಬಂದಿಲ್ಲ ಎಂಬುದೆಲ್ಲ ಆ ಬೋಗುಣಿಯ ಸುತ್ತಲೇ ಇತ್ಯರ್ಥವಾಗುತ್ತಿತ್ತು. ಆ ಸಾರಿನ ರುಚಿಗೆ ಅರ್ಧ ಕಾರಣ ಮಸಾಲೆ. ಇನ್ನರ್ಧ, ಬಿಡುವಿದ್ದ ನಾಲ್ಕು ಜೊತೆ ಕೈಗಳು.

ಆ ಬಿಡುವೇ ನನ್ನ ಮೂರನೆಯ ಮಾತು. ‘ಮನರಂಜನೆ’ ಮತ್ತು ‘ಬಿಡುವು’ ಒಂದೇ ಎಂದು ಇಂದಿನವರು ತಿಳಿದಂತಿದೆ. ಮನರಂಜನೆಯನ್ನು ಹಣ ಕೊಟ್ಟು ಕೊಳ್ಳಬಹುದು. ಬಿಡುವಿಗೆ ಬೇಕಾದದ್ದು ಕೂರಲು ಒಂದು ಜಾಗ ಮತ್ತು ಕೂತವನನ್ನು ಎಬ್ಬಿಸದ ನೆರೆಹೊರೆ. ಬೆಳಗಿನ ಹೊತ್ತು ಪುಟ್ಟೇನಹಳ್ಳಿ ಕೆರೆಯ ಕಡೆ ಬನ್ನಿ. 2015ರಲ್ಲಿ ಅದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಾವಕ್ಕಿ ರೆಕ್ಕೆ ಬಿಚ್ಚಿ ಬಿಸಿಲಿಗೊಡ್ಡುವುದನ್ನು ನೋಡಲು ಯಾರೂ ಟಿಕೆಟ್ ಕೇಳುವುದಿಲ್ಲ. ಜಕ್ಕೂರು ಕೆರೆಗೆ ಹೋದರೆ, ಶುದ್ಧೀಕರಣ ಘಟಕದಿಂದ ಬಂದ ನೀರು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹರಿದು ಇನ್ನಷ್ಟು ತಿಳಿಯಾಗಿ ಕೆರೆ ಸೇರುವುದನ್ನು ಕಾಣಬಹುದು. ಹತ್ತನೆಯ ತರಗತಿಯ ಮಕ್ಕಳಿಗೆ ಆ ಪಾಠವನ್ನು ಕರಿಹಲಗೆಯ ಮೇಲೆ ನಾನು ಎಷ್ಟು ಬಿಡಿಸಿ ಹೇಳಿದರೂ, ಕೆರೆಯ ಏರಿಯ ಮೇಲೆ ಹತ್ತು ನಿಮಿಷ ನಿಂತಷ್ಟು ತಿಳಿಯುತ್ತಿರಲಿಲ್ಲ. ಸಂಜೆ ಉದ್ಯಾನದ ಕಲ್ಲುಬೆಂಚಿನಲ್ಲಿ, 1984ರಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆಯ ನಿವೃತ್ತ ನೌಕರರಿಬ್ಬರು ನನಗಾಗಿ ಜಾಗ ಹಿಡಿದಿರುತ್ತಾರೆ. ‘ಅಲ್ಲೇನಿದೆ?’ ಎಂಬ ಪ್ರಶ್ನೆಗೆ ಇಷ್ಟು ಸಾಲದೇ?

ಎದುರು ಪಕ್ಷದ ಮಾತನ್ನೂ ಮರೆಮಾಚುವುದು ತರವಲ್ಲ. ಬಳ್ಳಾರಿ ರಸ್ತೆಯ ದಟ್ಟಣೆಯಲ್ಲಿ ನನ್ನ ಮಗ ದಿನಕ್ಕೆ ಮೂರು ಗಂಟೆ ಕಳೆಯುತ್ತಾನೆ. ಅವನ ದಣಿವು ಸುಳ್ಳಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಶಾಂತಿ ಮೊದಲಿನಂತಿಲ್ಲ. ವೈಮಾನಿಕ ಪ್ರದರ್ಶನದ ದಿನಗಳಲ್ಲಂತೂ ಕಿಟಕಿಯ ಗಾಜುಗಳು ನಡುಗುತ್ತವೆ. ಇನ್ನೂ ಒಂದು ತಪ್ಪೊಪ್ಪಿಗೆ ಬಾಕಿಯಿದೆ. 1993ರಲ್ಲಿ ನಮ್ಮ ಮನೆಗೆ ಅಡಿಪಾಯ ತೋಡಿದಾಗ ಮಣ್ಣಿನಲ್ಲಿ ರಾಗಿಯ ಕೂಳೆ ಇನ್ನೂ ಇತ್ತು. ಯಾರದೋ ಹೊಲದ ಮೇಲೆ ನಾನು ಮನೆ ಕಟ್ಟಿದೆ. 2004ರಲ್ಲಿ ಬಾಡಿಗೆಯ ಆಸೆಗೆ ಮೇಲೊಂದು ಅಂತಸ್ತು ಏರಿಸಿದೆ. ವಾಹನ ನಿಲ್ಲಿಸಲೆಂದು ಮುಂದಿದ್ದ ಹೊಂಗೆಯ ಮರವನ್ನು ಕಡಿಸಿದೆ. ಆ ದಿನ ನನ್ನ ಶ್ರೀಮತಿ ಜಗಲಿಗೆ ಬರಲಿಲ್ಲ. ಆದ್ದರಿಂದ ನಾನು ನಿರಪರಾಧಿಯ ಸ್ಥಾನದಲ್ಲಿ ನಿಂತು ಈ ಮಾತು ಹೇಳುತ್ತಿಲ್ಲ. ಮಾಡಿದ ತಪ್ಪಿನ ಬೆಲೆ ತಿಳಿದವನಾಗಿ ಹೇಳುತ್ತಿದ್ದೇನೆ.

ನನ್ನ ಜಗಳವಿರುವುದು ‘ಏನೂ ಇಲ್ಲ’ ಎಂಬ ಆ ಒಂದು ಮಾತಿನೊಡನೆ. ಅದು ಕೇವಲ ಅಜ್ಞಾನದ ಮಾತಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಏನೂ ಇಲ್ಲವೆಂದ ಜಾಗದಲ್ಲಿ ಏನು ಬೇಕಾದರೂ ಮಾಡಬಹುದೆಂಬ ಧೈರ್ಯ ಅದರ ಹಿಂದೆಯೇ ಬರುತ್ತದೆ. ನಕ್ಷೆಯಲ್ಲಿ ಖಾಲಿ ಕಂಡದ್ದು ರಾಜಕಾಲುವೆಯಾಗಿರಬಹುದು, ಗೋಮಾಳವಾಗಿರಬಹುದು, ಕೆರೆಯಂಗಳವೂ ಆಗಿರಬಹುದು. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ಉಕ್ಕಿ ದೊಡ್ಡ ವಸತಿ ಸಮುಚ್ಚಯವೊಂದು ಜಲಾವೃತವಾಯಿತು. 2024ರ ಅಕ್ಟೋಬರ್‌ನಲ್ಲಿ ಅಲ್ಲಿಯೇ ಮತ್ತೆ ನೀರು ನುಗ್ಗಿ, ನಿವಾಸಿಗಳನ್ನು ದೋಣಿಗಳಲ್ಲಿ ಕೂರಿಸಿ ಹೊರತಂದರು. ನೀರಿಗೆ ತನ್ನ ಹಳೆಯ ದಾರಿ ನೆನಪಿರುತ್ತದೆ, ಮರೆತವರು ನಾವು.

ಜಾಹೀರಾತುಗಳನ್ನು ಓದಿರಿ. ‘ನಗರದ ಗದ್ದಲದಿಂದ ದೂರ’, ‘ಕೆರೆಯ ನೋಟ’, ‘ಪ್ರಶಾಂತ ಪರಿಸರ’ ಎಂದಿರುತ್ತದೆ. ಅಂದರೆ ಮಾರುವಾಗ ಇಲ್ಲಿ ಎಲ್ಲವೂ ಇದೆ! ಕೊಳ್ಳುವಾಗ ಮಾತ್ರ, ನನ್ನಂಥವನ ಮನೆಯ ಬಾಗಿಲಲ್ಲಿ ನಿಂತು, “ಇಲ್ಲೇನಿದೆ ಮೇಷ್ಟ್ರೇ, ಕೊಟ್ಟುಬಿಡಿ” ಎನ್ನುತ್ತಾರೆ. ಮಾರುವವನ ಸ್ವತ್ತಲ್ಲದ ಶಾಂತಿಗೆ ಅವನು ಬೆಲೆ ಕಟ್ಟುತ್ತಾನೆ. ಇನ್ನೂರು ಮನೆಗಳು ಎದ್ದು ನಿಂತ ಮೇಲೆ ಕೊಂಡವನಿಗೂ ಆ ಶಾಂತಿ ಸಿಗುವುದಿಲ್ಲ. ನಮ್ಮ ಬೀದಿಯಲ್ಲಿ ಎರಡು ಮನೆಗಳು ಹೀಗೆಯೇ ಹೋದವು. ಒಂದರ ಜಾಗದಲ್ಲಿ ಐದಂತಸ್ತಿನ ಪಿ.ಜಿ. ಎದ್ದಿದೆ, ಇನ್ನೊಂದರ ಸುತ್ತ ತಗಡಿನ ಬೇಲಿಯಿದೆ. ಜಗಲಿಯ ನಾಲ್ವರಲ್ಲಿ ಈಗ ಉಳಿದವರು ಇಬ್ಬರು. ಕಳೆದ ಚಳಿಗಾಲದಲ್ಲಿ ಮೊದಲ ಬಾರಿಗೆ ನಮ್ಮ ಮನೆಗೆ ಹಿದುಕಿದ ಬೇಳೆ ಪ್ಲಾಸ್ಟಿಕ್ ಚೀಲದಲ್ಲಿ ಬಂದಿತು. ಸಾರು ಕೆಟ್ಟದಾಗಿತ್ತೆಂದು ಹೇಳಲಾರೆ. ಆದರೆ ಬಡಿಸಿದವರೂ ಉಂಡವರೂ ಏನೂ ಮಾತಾಡಲಿಲ್ಲ.

ಮಗನಿಗೆ ನನ್ನ ಮಾತಿಷ್ಟು. ಮನೆ ನಮ್ಮ ಕಾಲಾನಂತರ ನಿನ್ನದು. ಆಗ ನಿನ್ನ ಕಷ್ಟಸುಖ ನೋಡಿಕೊಂಡು ನೀನೇ ತೀರ್ಮಾನಿಸು, ನಾನು ಅಡ್ಡಬರುವವನಲ್ಲ. ಆದರೆ ನಾವಿಬ್ಬರೂ ಇರುವವರೆಗೆ ಒಪ್ಪಂದದ ಕಾಗದಕ್ಕೆ ನನ್ನ ರುಜು ಬೀಳುವುದಿಲ್ಲ. ಎರಡು ಫ್ಲ್ಯಾಟ್ ಕೊಡುತ್ತೇವೆ ಎನ್ನುವವರ ಕರಾರಿನಲ್ಲಿ ನಿನ್ನ ತಾಯಿಯ ಜಗಲಿಗೆ ಒಂದು ಸಾಲೂ ಇಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಎಂಜಿನಿಯರರಿದ್ದೀರಿ, ಕಟ್ಟಡದ ಕೆಲಸದವರಿದ್ದೀರಿ, ಸರ್ಕಾರಿ ಕಚೇರಿಗಳಲ್ಲಿ ನಕ್ಷೆಗೆ ಮೊಹರು ಒತ್ತುವವರೂ ಇದ್ದೀರಿ. ನಿಮ್ಮಲ್ಲಿ ಒಂದೇ ವಿನಂತಿ: ಮೊಹರು ಒತ್ತುವ ಮೊದಲು ಒಮ್ಮೆ ಆ ಜಾಗಕ್ಕೆ ಹೋಗಿ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಅಲ್ಲಿ ಯಾರು ಕುಳಿತಿದ್ದಾರೆಂದು ನೋಡಿ.

ಸೋದರಳಿಯನಿಗೆ ಆಹ್ವಾನ. ಪ್ರತಿ ಜನವರಿಯಲ್ಲಿ ನೀನು ಅವರೆ ಮೇಳದ ನೂಕುನುಗ್ಗಲಿನಲ್ಲಿ ನಿಂತು ದೋಸೆ ತಿಂದು, ಫೋಟೋ ಕಳಿಸುತ್ತೀಯಲ್ಲ? ಈ ಸಲ ಇತ್ತ ಬಾ. ಬರುವ ಮೊದಲು ಹೋಟೆಲಿನ ಹೆಸರು ಕೇಳಬೇಡ. ಅತ್ತೆ ಕಾಳು ನೆನೆಹಾಕಿರುತ್ತಾಳೆ. ಜಗಲಿಯಲ್ಲಿ ಎರಡು ಜಾಗ ಖಾಲಿಯಿವೆ. ಕೈ ತೊಳೆದುಕೊಂಡು ಕುಳಿತುಕೋ.